ಪೋಲೀಸ್ ಎಚ್ಚರಿಕೆಯೂ ಸಾಕ್ಷ್ಯದ ತೂಕವೂ

ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ದಂಡನ್ಯಾಯದಲ್ಲಿ 'ಕಾಷನ್' ಎಂಬ ಮಾತಿಗೆ ಎರಡು ಅರ್ಥಗಳುಂಟು. ಮೌನವಾಗಿರುವ ಹಕ್ಕನ್ನು ಆಪಾದಿತನಿಗೆ ತಿಳಿಸುವ ಮಾತು ಒಂದು. ತಪ್ಪನ್ನು ಒಪ್ಪಿಕೊಂಡವನನ್ನು ನ್ಯಾಯಾಲಯಕ್ಕೆ ಒಯ್ಯದೆ ಪೋಲೀಸರೇ ಎಚ್ಚರಿಸಿ, ದಾಖಲೆ ಮಾಡಿಕೊಂಡು ಬಿಟ್ಟುಬಿಡುವ ಕ್ರಮ ಇನ್ನೊಂದು. ನಾವಿಲ್ಲಿ ಪರಿಶೀಲಿಸುವುದು ಎರಡನೆಯದನ್ನು. ಸಾಕಷ್ಟು ಪುರಾವೆ, ತಪ್ಪೊಪ್ಪಿಗೆ, ಎಚ್ಚರಿಕೆಗೆ ಸಮ್ಮತಿ ಇವು ಅದರ ಅಂಗಗಳು. ನ್ಯಾಯಾಧೀಶನ ನಿರ್ಣಯಕ್ಕೆ ಅಲ್ಲಿ ಸ್ಥಾನವಿಲ್ಲ. ಇಂಥ ಎಚ್ಚರಿಕೆಯು ವರ್ಷಗಳ ತರುವಾಯ ಬೇರೊಂದು ಮೊಕದ್ದಮೆಯಲ್ಲಿ ಜ್ಯೂರಿಯ ಮುಂದೆ ಬಂದಾಗ ಅದರ ತೂಕವೆಷ್ಟು ಎಂಬುದೇ ಪ್ರಶ್ನೆ.

2003ರ ದಂಡನ್ಯಾಯ ಶಾಸನದ 101ನೆಯ ವಿಧಿಯು ಆಪಾದಿತನ ಹಿಂದಿನ ದುರ್ನಡತೆಯನ್ನು ಸಾಕ್ಷ್ಯವಾಗಿ ತರಲು ಏಳು ದ್ವಾರಗಳನ್ನು ತೆರೆದಿದೆ. 2005ರ ಹ್ಯಾನ್ಸನ್ ಮೊಕದ್ದಮೆಯಲ್ಲಿ ಅಪೀಲು ನ್ಯಾಯಾಲಯವು, ಹಿಂದಿನ ನಡತೆಯಿಂದ ಅಪರಾಧದತ್ತ ಒಲವು ಸಿದ್ಧವಾಗುತ್ತದೆಯೆ, ಆ ಒಲವು ಈಗಿನ ಆರೋಪವನ್ನು ಹೆಚ್ಚು ಸಂಭಾವ್ಯವಾಗಿಸುತ್ತದೆಯೆ, ಅದನ್ನು ಅವಲಂಬಿಸುವುದು ನ್ಯಾಯವೆ ಎಂದು ಕೇಳಬೇಕೆಂದಿತು. ದುರ್ಬಲ ಮೊಕದ್ದಮೆಗೆ ಹಳೆಯ ದೋಷಗಳ ಊರೆಗೋಲು ಸಲ್ಲದೆಂದೂ ಎಚ್ಚರಿಸಿತು. ಅದೇ ವರ್ಷದ ವಿಯರ್ ಮೊಕದ್ದಮೆಯಲ್ಲಿ ಬಾಲಕಿಯೊಬ್ಬಳ ಮೇಲಿನ ಲೈಂಗಿಕ ಅಪರಾಧದ ವಿಚಾರಣೆಗೆ, ಮಗುವಿನ ಅಶ್ಲೀಲ ಛಾಯಾಚಿತ್ರ ತೆಗೆದುದಕ್ಕಾಗಿ ಹಿಂದೆ ಆಪಾದಿತನು ಪಡೆದಿದ್ದ ಎಚ್ಚರಿಕೆ ಸಾಕ್ಷ್ಯವಾಗಿ ಸಂದಿತು. ಒಲವನ್ನು ತೋರಿಸಲು ಶಾಸನವು ಹೆಸರಿಸಿದ ಮಾರ್ಗಗಳಷ್ಟೇ ಇರುವುವೆಂದು ತಿಳಿಯಬಾರದೆಂಬುದು ಆ ತೀರ್ಪಿನ ಸಾರ.

ಶಾಸನದ ಅಕ್ಷರವನ್ನು ನೋಡಿದರೆ ಈ ವ್ಯಾಖ್ಯಾನ ಸಾಧುವೇ. ಆದರೆ ಎಚ್ಚರಿಕೆ ಅಪರಾಧನಿರ್ಣಯವಲ್ಲ. ನಿರ್ಣಯವಾಗಿದ್ದರೆ, ವಿರುದ್ಧವಾದುದು ಸಿದ್ಧವಾಗುವವರೆಗೆ ಅಪರಾಧ ನಡೆದಿದೆಯೆಂದು 1984ರ ಪೋಲೀಸ್ ಮತ್ತು ಸಾಕ್ಷ್ಯ ಶಾಸನದ 74ನೆಯ ವಿಧಿ ಭಾವಿಸುತ್ತದೆ. ಎಚ್ಚರಿಕೆಗೆ ಆ ಬಲವಿಲ್ಲ. ಅದರ ಸತ್ತ್ವವೆಲ್ಲ ತಪ್ಪೊಪ್ಪಿಗೆಯಲ್ಲಿದೆ. 2010ರ ಹೇಮರ್ ಮೊಕದ್ದಮೆಯಲ್ಲಿ, ಸ್ಥಳದಲ್ಲೇ ವಿಧಿಸುವ ದಂಡದ ನೋಟೀಸು ಒಪ್ಪಿಗೆಯೇ ಅಲ್ಲವಾದುದರಿಂದ ಸಚ್ಚಾರಿತ್ರ್ಯಕ್ಕೆ ಅದರಿಂದ ಕುಂದಿಲ್ಲವೆಂದಾಯಿತು. ಅದೇ ವರ್ಷದ ಓಲು ಮೊಕದ್ದಮೆಯಲ್ಲಿ, ಎಚ್ಚರಿಕೆ ಒಪ್ಪಿಗೆಯಾದರೂ ಅದಕ್ಕೂ ಅಪರಾಧನಿರ್ಣಯಕ್ಕೂ ಅಂತರವಿದೆಯೆಂದೂ, ವಕೀಲರ ಸಲಹೆಯಿಲ್ಲದೆ ಪಡೆದುದಾದರೆ ಆ ಸಂಗತಿಯನ್ನು ಗಮನಿಸಬೇಕೆಂದೂ ನ್ಯಾಯಾಲಯ ಕಂಡಿತು.

ಈ ವಿವೇಕವು ನಿಯಮದ ಗಟ್ಟಿತನ ಪಡೆಯದಿರುವುದೇ ನಮ್ಮ ಆಕ್ಷೇಪ. ಸಾಕ್ಷ್ಯವನ್ನು ಹೊರಗಿಡಬೇಕೆಂದು ಕೋರಬೇಕಾದವನು, 101ನೆಯ ವಿಧಿಯ ಪ್ರಕಾರ, ಆಪಾದಿತನೇ. ವಿಚಾರಣಾ ನ್ಯಾಯಾಧೀಶನ ಅಭಿಪ್ರಾಯ ಸ್ಪಷ್ಟವಾಗಿ ತಪ್ಪಾಗಿದ್ದ ಹೊರತು ಮೇಲಿನವರು ಕೈಹಾಕುವುದಿಲ್ಲವೆಂದು ಹ್ಯಾನ್ಸನ್ ತೀರ್ಪೇ ಹೇಳಿದೆ. ಠಾಣೆಯಿಂದ ಬೇಗ ಬಿಡುಗಡೆಯಾದರೆ ಸಾಕೆಂದು, ಫಲವನ್ನರಿಯದೆ ಒಪ್ಪಿದವನೂ ಉಂಟು. ನಿಜವಾದ ತಪ್ಪನ್ನು ತಿಳಿದೇ ಒಪ್ಪಿದವನೂ ಉಂಟು. ದಾಖಲೆಯಲ್ಲಿ ಇಬ್ಬರ ಸಾಲೂ ಒಂದೇ. ಎಚ್ಚರಿಕೆಗಳನ್ನೆಲ್ಲ ತಳ್ಳಿಹಾಕಿದರೆ ವಿಯರ್‌ನಂಥ ಪ್ರಕರಣದಲ್ಲಿ ಸತ್ಯಕ್ಕೆ ಹಾನಿ. ಆಪಾದಿತನು ಅದನ್ನು ಅಲ್ಲಗಳೆಯಬಹುದಷ್ಟೆ ಎಂದರೆ, ಹಳೆಯ ವಿಷಯಕ್ಕಾಗಿ ವಿಚಾರಣೆಯೊಳಗೊಂದು ವಿಚಾರಣೆ. ಆದುದರಿಂದ ಎಚ್ಚರಿಕೆಯನ್ನು ಸಾಕ್ಷ್ಯವಾಗಿ ತರುವ ಸರ್ಕಾರದ ಪಕ್ಷವೇ, ಅದನ್ನು ಪಡೆದವನಿಗೆ ಫಲವೇನೆಂದು ತಿಳಿಸಲಾಗಿತ್ತೆಂದೂ ಸಲಹೆಯ ಅವಕಾಶ ದೊರೆತಿತ್ತೆಂದೂ ಮೊದಲು ತೋರಿಸಬೇಕೆಂಬುದು ನಮ್ಮ ಮತ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಹೆಚ್ಚು ಶಂಕೆಯುಳ್ಳದ್ದು. ಪೋಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ರುಜುವಾತು ಮಾಡಕೂಡದೆಂದು 1872ರ ಸಾಕ್ಷ್ಯ ಶಾಸನದ 25ನೆಯ ವಿಧಿ ಹೇಳಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ವಿಧಿಯೂ ಅದನ್ನೇ ಉಳಿಸಿಕೊಂಡಿದೆ. ಆಂಗ್ಲ ನ್ಯಾಯಾಲಯಗಳು ಅಷ್ಟು ದೂರ ಹೋಗಬೇಕಾಗಿಲ್ಲ. ಆದರೆ ಠಾಣೆಯಲ್ಲಿ ಆಡಿದ ಒಪ್ಪಿಗೆಯ ಮಾತು ಹೇಗೆ ಹುಟ್ಟಿತೆಂದು ಕೇಳದೆ ಅದನ್ನು ತೂಗಲಾಗದೆಂಬ ಅರಿವು ಎರಡೂ ಕಡೆಗೆ ಸಲ್ಲತಕ್ಕದ್ದು.