ಸ್ಯಾಂಡರ್ಸನ್ನರ ಗಜಬಂಧನವೂ ಮದ್ದಿನ ಸೂಜಿಯೂ

ಜಿ. ಪಿ. ಸ್ಯಾಂಡರ್ಸನ್ನರ ‘ಥರ್ಟೀನ್ ಇಯರ್ಸ್ ಅಮಾಂಗ್ ದಿ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯ’ ಎಂಬ ಗ್ರಂಥವು 1878ರಲ್ಲಿ ಪ್ರಕಟವಾಯಿತು. ಬೆಂಗಳೂರು ದಂಡಿನ ಕಮರ್ಷಿಯಲ್ ಸ್ಟ್ರೀಟಿನ ಮಗ್ಗುಲ ಬೀದಿಯಲ್ಲಿ ಬೆನ್ನು ಹರಿದ ಪ್ರತಿಯೊಂದು ದೊರೆತುದರಿಂದ ಅದನ್ನು ಮರಳಿ ಓದುವಂತಾಯಿತು. ಬೇಟೆಯ ಪ್ರಕರಣಗಳನ್ನು ಕುರಿತು ಹೇಳತಕ್ಕದ್ದು ಹೆಚ್ಚಿಲ್ಲ. ಆ ಕಾಲದ ದೊರೆಗಳು ಬರೆದ ಬಗೆಯವೇ ಅವು. ಗ್ರಂಥದ ಸತ್ತ್ವವೆಲ್ಲವೂ ಆನೆ ಹಿಡಿಯುವ ಅಧ್ಯಾಯಗಳಲ್ಲಿದೆ.

1874ರಲ್ಲಿ ಚಾಮರಾಜನಗರದ ಸೀಮೆಯಲ್ಲಿ ಗ್ರಂಥಕರ್ತರು ನಡೆಸಿದ ಖೆಡ್ಡದ ವೃತ್ತಾಂತವನ್ನು ಓದಿದವರು ಒಂದನ್ನು ಮರೆಯಲಾರರು: ಪಳಗಿದ ಆನೆಗಳ ಮರೆಯಲ್ಲಿ ನುಸುಳಿ ಕಾಡಾನೆಯ ಹಿಂಗಾಲಿಗೆ ಹಗ್ಗ ತೊಡಿಸುವ ಮನುಷ್ಯನನ್ನು. ಕಾಕನಕೋಟೆಯ ಕಡೆಯ ಖೆಡ್ಡವು 1971ರಲ್ಲಿ ನಡೆಯಿತು. ಈಗ ಮದ್ದಿನ ಸೂಜಿಯು ಬಂದಿರುವುದರಿಂದ ಈ ಅಧ್ಯಾಯಗಳು ಬರಿಯ ಚರಿತ್ರೆಯಾದುವೆಂದು ಹಲವರೆಣಿಸುವರು. ನಮಗೆ ಹಾಗೆ ತೋರುವುದಿಲ್ಲ.

ಝೈಲಜೀನ್, ಕೆಟಮೀನ್ ಮೊದಲಾದ ಮದ್ದುಗಳು ನಾಟಿದೊಡನೆ ಮೃಗವು ಬೀಳುವುದೆಂಬುದು ಚಲಚ್ಚಿತ್ರದ ಕಲ್ಪನೆ. ಅದು ಹಲವು ನಿಮಿಷ ಓಡುವುದು, ನೀರಿಗಿಳಿದರೆ ಮುಳುಗುವುದು. ತೂಕವನ್ನು ಕಣ್ಣಳತೆಯಿಂದಲೇ ಊಹಿಸಿ ಮದ್ದನ್ನು ಅಳೆಯಬೇಕು. ಆನೆಯು ಎದೆಯ ಮೇಲೆ ಕುಸಿದರೆ ಒಡಲ ಭಾರವೇ ಉಸಿರನ್ನು ಕಟ್ಟುವುದರಿಂದ, ಅದನ್ನು ಒಡನೆಯೇ ಪಕ್ಕಕ್ಕೆ ಹೊರಳಿಸಬೇಕು. ಹೊರಳಿಸತಕ್ಕವರಾರು? ಸ್ಯಾಂಡರ್ಸನ್ನರು ವರ್ಣಿಸಿದ ಆ ಕುಮ್ಕಿ ಆನೆಗಳೂ ಮಾವುತರೂ ಅಲ್ಲವೆ?

ಗ್ರಂಥದ ದೋಷವೂ ಇಲ್ಲಿಯೇ ಕಾಣುವುದು. ಆನೆಯಲ್ಲಿ ವಿಧೇಯತೆ ಹೆಚ್ಚು, ಬುದ್ಧಿ ಜನರೆಣಿಸಿದಷ್ಟಿಲ್ಲ ಎಂದು ಅವರು ತೀರ್ಮಾನಿಸಿದರು. ಅಟ್ಟಿ ಕೂಡಿದ, ಕಟ್ಟಿ ಪಳಗಿಸಿದ ಮೃಗಗಳನ್ನು ನೋಡಿ ಕೊಟ್ಟ ತೀರ್ಪಿದು. ಬೆದರಿದ ಮೃಗದ ನಡತೆಯೇ ಬೇರೆ. ಮದ್ದು ಸಹ ಅದರಲ್ಲಿ ಸರಿಯಾಗಿ ಹತ್ತದು. 2016ರ ಫೆಬ್ರವರಿ 7ರಂದು ನಗರದ ಪೂರ್ವಕ್ಕೆ, ಕುಂದಲಹಳ್ಳಿಯ ಶಾಲೆಯೊಂದಕ್ಕೆ ಹೊಕ್ಕ ಚಿರತೆಯನ್ನು ಹಿಡಿಯುವಷ್ಟರಲ್ಲಿ ಕತ್ತಲಾಯಿತು, ಹಲವರು ಗಾಯಗೊಂಡರು. ಅದು ಬಳಿಕ ಬನ್ನೇರುಘಟ್ಟದಿಂದಲೂ ತಪ್ಪಿಸಿಕೊಂಡಿತು!

2023ರ ಆಗಸ್ಟಿನಲ್ಲಿ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡ ಆನೆಯ ಚಿಕಿತ್ಸೆಗಾಗಿ ಮದ್ದು ಹಾರಿಸಹೋದವರೇ ಅದರ ದಾಳಿಗೆ ಬಲಿಯಾದರು. ಅದೇ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಸೀಮೆಯಲ್ಲಿ, ದಸರೆಯ ಅಂಬಾರಿಯನ್ನು ಎಂಟು ಸಲ ಹೊತ್ತ ಅರ್ಜುನನು ಇಂತಹ ಕಾರ್ಯಾಚರಣೆಯಲ್ಲಿಯೇ ಕಾಡಾನೆಯ ತಿವಿತದಿಂದ ಮಡಿದನು. ಸೂಜಿಯು ಹಗ್ಗದ ಸ್ಥಾನವನ್ನು ಮಾತ್ರ ಪಡೆದಿದೆ. ಹಗ್ಗ ಹಿಡಿದವನ ಅಪಾಯವು ಹಾಗೆಯೇ ಉಳಿದಿದೆ. ಈ ಅಧ್ಯಾಯಗಳಷ್ಟನ್ನಾದರೂ, ಮಾವುತರ ಮಾತುಗಳ ಕೋಶದೊಡನೆ, ಟಿಪ್ಪಣಿಸಹಿತವಾಗಿ ಕನ್ನಡದಲ್ಲಿ ಅಚ್ಚುಮಾಡಿಸುವುದು ಉಚಿತ.