ಸೌರ ಆಘಾತ ತರಂಗಗಳ ಆಗಮನವೇಳೆ: ಮುನ್ಸೂಚನೆಯ ಆಧಾರಗಳ ಒಂದು ವಿಮರ್ಶೆ

ಸೂರ್ಯನಲ್ಲಿ ಸ್ಫೋಟ ಸಂಭವಿಸಿದಾಗ ಹೊರಡುವ ಆಘಾತ ತರಂಗವು ಭೂಮಿಯನ್ನು ತಲಪಲು ಸಾಮಾನ್ಯವಾಗಿ ಎರಡು ಮೂರು ದಿನಗಳು ಬೇಕು. 2003ರ ಅಕ್ಟೋಬರ್ 28ರ ಸ್ಫೋಟದ ತರಂಗ ಮಾತ್ರ ಸುಮಾರು 19 ಗಂಟೆಗಳಲ್ಲೇ ಬಂದು ಮುಟ್ಟಿತು. ಇಂತಹ ವೇಳೆಯನ್ನು ಮುಂಚಿತವಾಗಿ ಗಣಿಸಲು ಡ್ರೈಯರ್ ಮತ್ತು ಸ್ಮಾರ್ಟ್ 1984ರಲ್ಲಿ ಮಂಡಿಸಿದ ಮಾದರಿಯೂ ಅದರ ಅನಂತರದ ಹಲವು ಮಾದರಿಗಳೂ ತರಂಗದ ಆರಂಭಿಕ ವೇಗವನ್ನೇ ನೆಚ್ಚಿಕೊಂಡಿವೆ. ಆ ವೇಗ ಎಲ್ಲಿಂದ ದೊರೆಯುತ್ತದೆ ಎಂಬ ಪ್ರಶ್ನೆಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ.

ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಗೌರಿಬಿದನೂರು ಕ್ಷೇತ್ರದಲ್ಲಿ ರೇಡಿಯೋ ಹೀಲಿಯೋಗ್ರಾಫ್ 1997ರಿಂದ ಸೂರ್ಯನನ್ನು ಗಮನಿಸುತ್ತ ಬಂದಿದೆ. ಜೊತೆಗೆ ರೋಹಿತಲೇಖಿಯೂ ಇದೆ. ತರಂಗವು ಸೌರಕಿರೀಟದಲ್ಲಿ ಮೇಲೇರಿದಂತೆ ಸುತ್ತಲಿನ ಎಲೆಕ್ಟ್ರಾನ್ ಸಾಂದ್ರತೆ ಕುಗ್ಗುತ್ತದೆ, ಹೊಮ್ಮುವ ರೇಡಿಯೋ ಅಲೆಗಳ ಆವರ್ತನವೂ ಇಳಿಯುತ್ತದೆ. ಆ ಇಳಿತದಿಂದ ವೇಗವನ್ನು ತೆಗೆಯುತ್ತಾರೆ. ಆದರೆ ಉಪಕರಣ ಅಳೆಯುವುದು ಆವರ್ತನವನ್ನು, ಎತ್ತರವನ್ನಲ್ಲ. ಎತ್ತರ ಬರುವುದು ಸಾಂದ್ರತೆಯ ಒಂದು ಊಹಿತ ಸೂತ್ರದಿಂದ. ನ್ಯೂಕರ್ಕ್ 1961ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಆವರ್ತನವು 80ರಿಂದ 40 ಮೆಗಾಹರ್ಟ್ಸ್‌ಗೆ ಇಳಿಯುವಾಗ ತರಂಗ ಏರುವ ದೂರ ಈ ಸೂತ್ರದಂತೆ ಸುಮಾರು 0.30 ಸೌರತ್ರಿಜ್ಯ; ಸಾಂದ್ರತೆಯನ್ನು ಇಮ್ಮಡಿ ಎಂದುಕೊಂಡರೆ ಸುಮಾರು 0.37. ಸೆಕೆಂಡಿಗೆ 1000 ಕಿಲೋಮೀಟರ್ ಇದ್ದ ವೇಗ ಲೆಕ್ಕದಲ್ಲಿ 1240 ಆಗುತ್ತದೆ. ಹಾದಿಯುದ್ದಕ್ಕೂ ವೇಗ ಕುಗ್ಗದೆಂದೇ ಭಾವಿಸಿದರೂ ಪ್ರಯಾಣದ ಅವಧಿ 42 ಗಂಟೆಗಳಿಂದ 34ಕ್ಕೆ ಇಳಿಯುತ್ತದೆ. ಈ ಮಾದರಿಗಳ ಸರಾಸರಿ ದೋಷ ಹತ್ತು ಗಂಟೆಗಳ ಆಸುಪಾಸಿನದು. ಅದರ ಬಹುಪಾಲಿಗೆ ಸಮನಾದ ಅನಿಶ್ಚಿತತೆ ಮೊದಲ ಮೆಟ್ಟಿಲಲ್ಲೇ ಸೇರಿಕೊಳ್ಳಬಲ್ಲದು! ಎಲ್ಲ ಹೊಣೆಯನ್ನೂ ಸೌರಮಾರುತದ ತಡೆಯ ಮೇಲೆ ಹೊರಿಸುವುದು ಆದುದರಿಂದ ನ್ಯಾಯವಲ್ಲ.

ಇದು ಕೇವಲ ಪಂಡಿತರ ತರ್ಕವೂ ಅಲ್ಲ. 2024ರ ಮೇ ತಿಂಗಳ ಬಿರುಗಾಳಿಯಲ್ಲಿ ಇನ್ಸ್ಯಾಟ್-3ಡಿಎಸ್ ಮತ್ತು 3ಡಿಆರ್ ಉಪಗ್ರಹಗಳ ನಕ್ಷತ್ರ ಸಂವೇದಕಗಳನ್ನು ಮುನ್ನೆಚ್ಚರಿಕೆಯಾಗಿ ನಿಲ್ಲಿಸಬೇಕಾಯಿತು. ಹಾಸನದ ಪ್ರಧಾನ ನಿಯಂತ್ರಣ ಕೇಂದ್ರದಂತಹ ಕಡೆ ಕುಳಿತವರಿಗೆ ಎಂಟು ಗಂಟೆಗಳ ವ್ಯತ್ಯಾಸ ಒಂದು ಇಡೀ ಪಾಳಿಯ ವ್ಯತ್ಯಾಸ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ಆದಿತ್ಯ-ಎಲ್1 ತರಂಗವನ್ನು ಖಚಿತವಾಗಿಯೇ ಗುರುತಿಸೀತು. ಆದರೆ ಸೆಕೆಂಡಿಗೆ 1000 ಕಿಲೋಮೀಟರ್ ವೇಗದ ತರಂಗಕ್ಕೆ ಅಲ್ಲಿಂದ ಉಳಿಯುವುದು 25 ನಿಮಿಷ.

ಅದೇ ನೌಕೆಯ ಕರೋನಾದರ್ಶಕವು ಸೂರ್ಯಕೇಂದ್ರದಿಂದ 1.05 ರಿಂದ 3 ತ್ರಿಜ್ಯಗಳವರೆಗಿನ ವಲಯವನ್ನು ನೋಡಬಲ್ಲುದು. ಗೌರಿಬಿದನೂರಿನ ಆವರ್ತನಗಳು ಹೊಮ್ಮುವುದೂ ಅದೇ ವಲಯದಲ್ಲಿ. ಒಂದೇ ಸ್ಫೋಟವನ್ನು ಎರಡೂ ಕಂಡ ಸಂದರ್ಭಗಳಲ್ಲಿ ಊಹಿತ ಸಾಂದ್ರತೆಯನ್ನು ಕಂಡ ಎತ್ತರದೊಡನೆ ಹೋಲಿಸಿ, ಮುನ್ಸೂಚನೆಯ ಜೊತೆಗೆ ಬಳಸಿದ ಸೂತ್ರವನ್ನೂ ಪ್ರಕಟಿಸುವುದು ಸಾಧ್ಯವಿದೆ. ಭೂಮಿಗೆ ಇರುವ ದೂರವಾದರೋ 215 ತ್ರಿಜ್ಯ. ಅದರ ನಡುಹಾದಿಯನ್ನು ದೂರದ ರೇಡಿಯೋ ಆಕರಗಳ ಮಿನುಗಿನಿಂದ ಅರಿಯುವ ಕೆಲಸ ಊಟಿಯ ದೂರದರ್ಶಕದಲ್ಲಿ ನಡೆದಿದೆ.