ಕಿರುಗತೆಯ ಮೋಹ

ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಭಾರತದ ಹತ್ತು ಪರ್ವಗಳನ್ನು ಎಂಟು ಸಾವಿರಕ್ಕೂ ಮಿಕ್ಕ ಷಟ್ಪದಿಗಳಲ್ಲಿ ಹಾಡಿದನು. ಅದೇ ನಾಡಿನ ಇಂದಿನ ತರುಣ ಲೇಖಕರಿಗೆ ನೂರು ಮಾತಿನೊಳಗೆ ಮುಗಿಯುವ ಕಿರುಗತೆಯ ಮೇಲೆ ಮೋಹ ಹುಟ್ಟಿದೆ. ಇದನ್ನು ಕಂಡ ಹಿರಿಯರು, ಶಕ್ತಿ ಕುಂದಿತು, ಶ್ರಮಕ್ಕೆ ಅಂಜಿದರು ಎಂದು ಮರುಗುವುದುಂಟು. ಈ ಮರುಕವು ನ್ಯಾಯವಾದುದೇ ಎಂಬುದು ವಿಚಾರಾರ್ಹವಾಗಿದೆ.

ಮೇಲ್ನೋಟದ ಕಾರಣಗಳು ಎಲ್ಲರಿಗೂ ತಿಳಿದವೇ. ಪತ್ರಿಕೆಗಳಲ್ಲಿ ಸ್ಥಳಸಂಕೋಚ; ಮೊಬೈಲಿನ ಪುಟವು ಅಂಗೈಯಗಲದ್ದು; ವಾಚಕರಿಗೆ ಪುರುಸೊತ್ತಿಲ್ಲ. ಇವು ಕಿರುಗತೆಯು ಹಬ್ಬಿದುದಕ್ಕೆ ಕಾರಣಗಳಾದಾವು. ಬರೆಯುವವನ ಮನಸ್ಸು ಅದಕ್ಕೆ ಒಲಿದುದಕ್ಕೆ ಕಾರಣಗಳಾಗಲಾರವು. ನೂರು ಮಾತಿನ ಕತೆಯನ್ನು ಹದಕ್ಕೆ ತರಲು ಹತ್ತು ಸಲ ತಿದ್ದುವವನನ್ನು ಸೋಮಾರಿಯೆಂದು ಕರೆಯುವುದೂ ಸಲ್ಲದು. ಅರ್ಧಮಾತ್ರೆ ಉಳಿದರೆ ವೈಯಾಕರಣರಿಗೆ ಮಗ ಹುಟ್ಟಿದಷ್ಟು ಹಿಗ್ಗೆಂದು ಪಾಠಶಾಲೆಗಳಲ್ಲಿ ಹೇಳುವುದುಂಟು. ಆ ಹಿಗ್ಗಿನ ಹಿಂದಿನ ಶ್ರಮವನ್ನು ಸೂತ್ರ ಓದಿದವರೇ ಬಲ್ಲರು.

ಈ ವಿವಾದವು ಹೊಸತೂ ಅಲ್ಲ. ಎಂಟನೆಯ ಶತಮಾನದ ಕೊನೆಗೆ ಕಾಶ್ಮೀರದ ಜಯಾಪೀಡರಾಜನ ಆಶ್ರಯದಲ್ಲಿದ್ದ ಆಲಂಕಾರಿಕ ವಾಮನನು ಬಿಡಿಪದ್ಯವನ್ನು ಬೆಂಕಿಯ ಒಂಟಿ ಕಣಕ್ಕೆ ಹೋಲಿಸಿ, ಅದು ತಾನೊಂದೇ ಬೆಳಗಲಾರದೆಂದನು. ಮುಂದಿನ ಶತಮಾನದಲ್ಲಿ ಅದೇ ಕಾಶ್ಮೀರದ ಆನಂದವರ್ಧನನು ಅಮರುಕನ ಮುಕ್ತಕಗಳನ್ನು ಮುಂದಿಟ್ಟು, ಒಂದು ಬಿಡಿಪದ್ಯದಲ್ಲಿಯೂ ಪ್ರಬಂಧದಷ್ಟು ರಸವು ತುಂಬಿರಬಲ್ಲುದೆಂದು ತೋರಿಸಿದನು. ಅದು ಹೇಗೆ ಸಾಧ್ಯ? ಅಮರುಕನು ನಾಯಿಕೆಯ ಹೆಸರು ಹೇಳುವುದಿಲ್ಲ, ಮನೆತನ ಹೇಳುವುದಿಲ್ಲ, ಹಿಂದಿನ ದಿನದ ಕಲಹವನ್ನೂ ವಿವರಿಸುವುದಿಲ್ಲ. ಕಾವ್ಯಪರಿಚಯವುಳ್ಳ ಸಹೃದಯನು ಅದನ್ನೆಲ್ಲ ತಾನೇ ಊಹಿಸಬಲ್ಲನು. ಕವಿಯು ಅರ್ಧವನ್ನು ನುಡಿದರೆ ಉಳಿದ ಅರ್ಧವು ಕೇಳುವವನ ಎದೆಯಲ್ಲಿ ಹುಟ್ಟುತ್ತದೆ.

ಕಿರುಗತೆಯ ಮೋಹದ ಗುಟ್ಟು ಇದೇ. ಕಾದಂಬರಿಕಾರನು ವಾಚಕನನ್ನು ಕೈಹಿಡಿದು ನಡೆಸುವನು. ಕಿರುಗತೆಗಾರನು ಬಾಗಿಲು ತೆರೆದು ಸರಿದು ನಿಲ್ಲುವನು. ತನ್ನ ಮಾತನ್ನು ಪೂರ್ಣಮಾಡುವ ಜೊತೆಗಾರನೊಬ್ಬನು ಆಚೆಗಿರುವನೆಂಬ ನಂಬುಗೆಯೇ ಆತನನ್ನು ಈ ರೂಪಕ್ಕೆ ಸೆಳೆಯುವುದು.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಬೆಟಗೇರಿಯ ನೇಕಾರರ ಮನೆ. ಮಗ್ಗವನ್ನು ಮಾರಿ, ಕುಣಿಯನ್ನು ಮಣ್ಣಿನಿಂದ ಮುಚ್ಚಿ, ಮೇಲೆ ಫರಸಿ ಹಾಕಿದ್ದಾರೆ. ರಾತ್ರಿ ನೀರು ಕುಡಿಯಲು ಎದ್ದ ಮುದುಕನು ಕತ್ತಲಲ್ಲಿ ಆ ಜಾಗವನ್ನು ಸುತ್ತುಹಾಕಿಕೊಂಡು ಹೋಗುತ್ತಾನೆ. ಕತೆ ಇಷ್ಟೇ. ಕುಣಿಮಗ್ಗವೆಂದರೇನೆಂದು ಬೆಟಗೇರಿಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಕುಣಿಯಲ್ಲಿ ಕಾಲಿಳಿಬಿಟ್ಟು ಕಳೆದ ಆಯುಷ್ಯವು ತಾನಾಗಿಯೇ ಕಣ್ಣಿಗೆ ಕಟ್ಟುವುದು. ಇದರ ಕೊನೆಗೆ, ಮುದುಕನಿಗೆ ಮಗ್ಗದ ನೆನಪು ಮಾಸಿರಲಿಲ್ಲ ಎಂಬ ವಾಕ್ಯವನ್ನು ಸೇರಿಸಿದರೆ ಕತೆಯು ಅಲ್ಲಿಯೇ ಸತ್ತಿತು.

ಈ ನೆಲಕ್ಕೆ ಇಂಥ ನುಡಿಗಾರಿಕೆ ಪರಕೀಯವಲ್ಲ. ಮುಳಗುಂದದ ನಯಸೇನನು 1112ರ ಸುಮಾರಿಗೆ ರಚಿಸಿದ ಧರ್ಮಾಮೃತವು ದೊಡ್ಡ ಕಥಾಕೋಶವೇ ಆದರೂ, ಅದರ ಸೊಗಸು ಇರುವುದು ಒಕ್ಕಲುಮನೆಯ ಬಾಳಿನಿಂದ ಆಯ್ದ ಸಾಲುಸಾಲು ಉಪಮೆಗಳಲ್ಲಿ. ಕೇಳುವವರ ಬಾಳಿನಿಂದಲೇ ಬಂದ ಆ ಉಪಮೆಗಳಿಗೆ ವ್ಯಾಖ್ಯಾನ ಬೇಕಾಗಲಿಲ್ಲ. ಪಂಪನು ಅಭಿಮಾನದಿಂದ ಹೆಸರಿಸಿದ ಪುಲಿಗೆರೆಯ ತಿರುಳ್ಗನ್ನಡದ ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಕಿರುಗತೆಯು ಬೇಡುವುದೂ ಸಿಪ್ಪೆ ಕಳೆದ ತಿರುಳನ್ನೇ. ಲಕ್ಕುಂಡಿಯ ಮುಕ್ತಾಯಕ್ಕನು ಗುಪ್ತಭಕ್ತನಾಗಿದ್ದ ಅಣ್ಣ ಅಜಗಣ್ಣನನ್ನು ಕಳೆದುಕೊಂಡು ನುಡಿದ ವಚನಗಳು ಪುಟ್ಟವು. ಹೇಳದೆ ಬಾಳಿದವನ ಸಾವಿಗೆ ಸಲ್ಲುವ ಶೋಕವೂ ಮಿತಭಾಷಿಯಾಗಿಯೇ ಇರಬೇಕಾಯಿತು.

ದುಃಖವು ಮಾತನ್ನು ಮೀರಿದಾಗಲೂ ಲೇಖಕನು ಈ ರೂಪಕ್ಕೆ ಬರುವನು. ದೇಶವಿಭಜನೆಯ ಹಿಂಸೆಯನ್ನು ಕುರಿತು ಸಾದತ್ ಹಸನ್ ಮಂಟೋ 1948ರಲ್ಲಿ ಪ್ರಕಟಿಸಿದ ಸಿಯಾಹ್ ಹಾಶಿಯೆ ಎಂಬ ಉರ್ದು ಪುಸ್ತಕದ ಕೆಲವು ತುಣುಕುಗಳು ಎರಡು ಮೂರು ಸಾಲಿನವು. ಅಂಥ ಕ್ರೌರ್ಯಕ್ಕೆ ವರ್ಣನೆಯ ತೊಡವು ತೊಡಿಸುವುದೇ ಅನೌಚಿತ್ಯವೆಂದು ಅವುಗಳನ್ನು ಓದಿದವರಿಗೆ ತೋರದಿರದು.

ಆದರೆ ದೋಷವನ್ನು ಮುಚ್ಚಿಡಲಾಗದು. ಬಹುಮಂದಿ ಕಿರುಗತೆಯನ್ನು ಒಗಟೆಂದು ಭ್ರಮಿಸಿ, ಕೊನೆಯ ಸಾಲಿನಲ್ಲಿ ವಾಚಕನನ್ನು ಬೆಚ್ಚಿಬೀಳಿಸುವುದೇ ಕಲೆಯೆಂದು ತಿಳಿದಿರುವರು. ಒಡೆದ ಒಗಟನ್ನು ಯಾರೂ ಮತ್ತೆ ಕೇಳರು. ಎರಡನೆಯ ಓದಿಗೂ ನಿಲ್ಲುವುದೇ ಒಳ್ಳೆಯ ಕಿರುಗತೆಯ ಒರೆಗಲ್ಲು. ಎಲ್ಲ ವಸ್ತುವೂ ಈ ಅಳತೆಗೆ ಒಗ್ಗದು. ಬ್ರಿಟಿಷರ ವಿರುದ್ಧ ಎದ್ದು 1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ಮಡಿದ ಮುಂಡರಗಿಯ ಭೀಮರಾಯನ ಚರಿತ್ರೆಯನ್ನು ನೂರು ಮಾತಿಗೆ ಇಳಿಸಿದರೆ ಮರಣವು ಉಳಿದೀತು, ಅದರ ಕಾರಣಗಳು ಅಳಿದಾವು.

ಇದಕ್ಕಿಂತ ಹೆಚ್ಚಿನ ಚಿಂತೆಯೊಂದಿದೆ. ಕಿರುಗತೆಯ ಅರ್ಧವು ವಾಚಕನಲ್ಲಿರುವುದಾದರೆ, ವಾಚಕನು ಬರಿದಾದ ದಿನ ಕತೆಯೂ ಬರಿದಾಗುವುದು. ಕುಣಿಮಗ್ಗವನ್ನಾಗಲಿ ಕೂರಿಗೆಯನ್ನಾಗಲಿ ಕಾಣದ, ಭಾರತದ ಕತೆಯನ್ನು ಕೇಳದ ಮಗುವಿಗೆ ಆ ಮುದುಕನು ಸುತ್ತುಹಾಕಿದುದರ ಅರ್ಥ ಹೊಳೆಯದು. ಆದಕಾರಣ ಹಿರಿಯರು ಕಿರುಗತೆಯನ್ನು ಹಳಿಯುವ ಬದಲು, ಸಂಜೆ ಮನೆಯಲ್ಲಿ ಗದುಗಿನ ಭಾರತದ ನಾಲ್ಕು ಷಟ್ಪದಿಗಳನ್ನು ಓದಿಸಿ ಅರ್ಥ ಹೇಳಿದರೆ ಉಪಕಾರವಾದೀತು. ದೊಡ್ಡದನ್ನು ಕೇಳಿ ಬೆಳೆದ ಕಿವಿಗೆ ಮಾತ್ರ ಚಿಕ್ಕದರ ಮೌನವು ಕೇಳಿಸುವುದು.